ಏಣಿ ಮೇಲಿನ ಒಂಟಿ ಬೂಟು

“ಎಲ್ಲಾ ಸರಿಯಾಗಿದೆ ಕಣ್ರೀ. ಯಾವ ವಸ್ತು ಎಲ್ಲಿರಬೇಕೋ ಅಲ್ಲೇ ಇದೆ. ಇನ್ನೂ ಏನು ಹುಡುಕ್ತಾ ಇದೀರಿ?”

ಇನ್ಸ್‌ಪೆಕ್ಟರ್ ಬಾಗಿಲಿಗೆ ಒರಗಿ ನಿಂತು ಕೇಳಿದರು. ನಾನು ನೆಲದ ಮೇಲೆ ಮಂಡಿಯೂರಿ, ನಾರಿನ ಚಾಪೆಯ ಅಂಚು ಎತ್ತಿ ಮೂಸುತ್ತಿದ್ದೆ. ನನ್ನ ವಯಸ್ಸಿಗೂ ನನ್ನ ಹೊಟ್ಟೆಗೂ ಶೋಭಿಸುವ ಭಂಗಿ ಅದಲ್ಲ. ಆದರೆ ಪತ್ತೇದಾರಿ ಕೆಲಸಕ್ಕೆ ಇಳಿದ ಮೇಲೆ ಮಾನ ಮರ್ಯಾದೆಯನ್ನು ಗೂಟಕ್ಕೆ ನೇತುಹಾಕಿಯೇ ಬರಬೇಕು.

“ಚಾಪೆ ಮುಗ್ಗಲು ನಾತ ಹೊಡೀತಾ ಇದೆ,” ಅಂದೆ. “ಜಗ್ಗಿನಲ್ಲಿ ಹನಿ ನೀರಿಲ್ಲ, ಹಿಡಿಕೆ ಹತ್ತಿರ ಚಕ್ಕೆ ಎದ್ದಿದೆ. ಜಗ್ ಕೆಳಗೆ ಬಿದ್ದಿದೆ ಸಾರ್. ಬಿದ್ದ ಜಗ್ ತಾನಾಗೇ ಎದ್ದು ಮೇಜಿನ ನಡುವೆ ಹೋಗಿ ಕೂರುತ್ತಾ?”

“ನಿಮ್ಮ ಭಾವ ಎತ್ತಿಟ್ಟಿರ್ತಾರೆ.”

ನನಗೆ ಉರಿದುಹೋಯಿತು. ಮೊನ್ನೆ ಸಂಜೆ, ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವ ಈ ಮಹಡಿ ಕೋಣೆಯಲ್ಲಿ, ಟೀಚರಮ್ಮನ ತಲೆಗೆ ಯಾರೋ ಹಿತ್ತಾಳೆ ಗಂಟೆಯಿಂದ ಬಾರಿಸಿದ್ದರು; ಆಕೆ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರೆ, ನನ್ನ ಅಕ್ಕನ ಗಂಡ ಲಾಕಪ್ಪಿನಲ್ಲಿ ಕೂತಿದ್ದರು.

ಭಾವನ ವಿರುದ್ಧ ಇದ್ದದ್ದು ಇಷ್ಟು. ಕ್ಲಾಸು ಮುಗಿದು ಎಲ್ಲರೂ ಇಳಿದುಹೋದ ಮೇಲೆ ಅವರು ಮತ್ತೆ ಮೆಟ್ಟಿಲು ಹತ್ತಿದ್ದನ್ನು ಕೆಳಗಿನ ಫೋಟೋ ಸ್ಟುಡಿಯೋದವನು ನೋಡಿದ್ದ. ಅವರ ಕನ್ನಡಕ ಟೀಚರಮ್ಮನ ಮೇಜಿನ ಕೆಳಗೆ ಸಿಕ್ಕಿತ್ತು. ಇವೆರಡಕ್ಕಿಂತ ದೊಡ್ಡದು ಮೂರನೆಯದು: ಭಾವ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಾನು ಕಂಬಿ ಹಿಡಿದು ಗೋಗರೆದಾಗಲೂ ಗೋಡೆ ನೋಡುತ್ತ ಕೂತಿದ್ದರು. ತಾವು ನಡೆಸುವ ಲಾಡ್ಜಿಗೆ ಬಂದ ಗಿರಾಕಿ ಸೋಪು ಕೇಳಿದರೆ ಸೋಪಿನ ಜೊತೆ ತಮ್ಮ ವಂಶದ ಕಥೆಯನ್ನೂ ಕೊಡುವ ಮನುಷ್ಯ! ಅಂಥವರು ಸುಮ್ಮನಿದ್ದಾರೆ ಎಂದರೆ ಪೊಲೀಸರಿಗೆ ಅನುಮಾನ ಬಾರದೆ ಇರುತ್ತದೆಯೇ? ಸತ್ಯ ಹೇಳಬೇಕೆಂದರೆ ನನಗೂ ಬಂದಿತ್ತು.

“ನಿನ್ನೆ ಸಂಜೆ ಅರೆಸ್ಟ್ ಬರೆದಿದೀನಿ, ಇವತ್ತು ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತೀನಿ,” ಅಂದರು ಇನ್ಸ್‌ಪೆಕ್ಟರ್. “ಅಷ್ಟರೊಳಗೆ ಬೇರೆ ಯಾರನ್ನಾದ್ರೂ ತೋರಿಸಿ, ನಾನೇನೂ ಬೇಡ ಅನ್ನಲ್ಲ. ನನಗೆ ಒಬ್ಬ ಸಿಕ್ಕಿದ್ರೆ ಸಾಕು. ಕೆಳಗೆ ಸ್ಟುಡಿಯೋದವನ ಹೇಳಿಕೆ ತಗೋತಾ ಇರ್ತೀನಿ.”

ಅವರ ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು. ನಾನು ಸೊಂಟ ಹಿಡಿದುಕೊಂಡು ಎದ್ದೆ.

ಎಲ್ಲಾ ಸರಿಯಾಗಿದೆ. ಆ ಮಾತೇ ನನ್ನನ್ನು ಕೊರೆಯುತ್ತಿತ್ತು.

ಕೋಣೆ ಅಂಥ ದೊಡ್ಡದೇನಲ್ಲ. ಬೆಂಚುಗಳು, ಒಂದು ಮೇಜು, ಗೋಡೆಗೆ ಕಪ್ಪು ಹಲಗೆ, ಹಿಂದಿನ ವರಾಂಡಕ್ಕೆ ಇನ್ನೊಂದು ಬಾಗಿಲು; ಇವತ್ತು ಗಾಳಿಗೆಂದು ಅದನ್ನೂ ತೆರೆದಿಟ್ಟಿದ್ದರು. ಹಲಗೆಗೆ ಹಸಿರು ಬಟ್ಟೆಯ ಪರದೆ. ಟೀಚರಮ್ಮ ಬೇಕಾದಾಗ ಸರಿಸುತ್ತಿದ್ದರಂತೆ. ಹಲಗೆಯ ಮೇಲೆ ಅವತ್ತಿನ ಪಾಠ ಹಾಗೇ ಇತ್ತು. ನನ್ನ ಇಂಗ್ಲಿಷಿನ ಕೊಡ ತುಂಬಿದ್ದಕ್ಕಿಂತ ತುಳುಕಿದ್ದೇ ಹೆಚ್ಚು. ಆದರೂ ಅಕ್ಷರ ಕೂಡಿಸಿ ಓದಿದೆ.

ದ ಬೆಲ್ ಈಸ್ ಜಸ್ಟ್ ಬಿಲೋ ದ ಕ್ಲಾಕ್. ಗಂಟೆ ಗಡಿಯಾರದ ಕೆಳಗೇ ಇದೆ. ಹೌದು, ಗಡಿಯಾರದ ಕೆಳಗಿನ ಪುಟ್ಟ ಶೆಲ್ಫಿನ ಮೇಲೆ ಗಂಟೆ ಇತ್ತು. ಅಂಚು ನೆಗ್ಗಿದ್ದರಿಂದ ಪೊಲೀಸರು ಅದನ್ನು ಒಯ್ದು, ಅಲ್ಲಿ ಸೀಮೆಸುಣ್ಣದ ಗುಂಡು ಗುರುತು ಬಿಟ್ಟಿದ್ದರು. ಕೊಡೆ ರೈಟ್ ಬಿಹೈಂಡ್ ದ ಡೋರ್, ಬಾಗಿಲಿಗೆ ಅಂಟಿದ ಹಾಗೆ ಅದರ ಹಿಂದೆ. ಕುರ್ಚಿ ಡೈರೆಕ್ಟ್ಲಿ ಅಂಡರ್ ದ ಫ್ಯಾನ್, ತಲೆ ಎತ್ತಿದರೆ ನೇರ ನೆತ್ತಿಗೆ ಫ್ಯಾನು. ಜಗ್ ವೆಲ್ ಅವೇ ಫ್ರಮ್ ದ ಎಡ್ಜ್, ಮೇಜಿನ ಅಂಚಿನಿಂದ ಸಾಕಷ್ಟು ದೂರ. ಕೊನೆಯದು ತಮಾಷೆಯಾಗಿತ್ತು. ದ ಶೂ ಈಸ್ ಹಾಫ್‌ವೇ ಅಪ್ ದ ಲ್ಯಾಡರ್. ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಮರದ ಏಣಿಯ ನಡುಮೆಟ್ಟಿಲ ಮೇಲೆ, ಜೋಡಿಯಿಲ್ಲದ ಹಳೇ ಕರಿ ಬೂಟೊಂದು ಮೂತಿ ಮುಂದೆ ಮಾಡಿ ಕೂತಿತ್ತು.

ಜಗಳವಾಗಿದೆ, ಜಗ್ ಬಿದ್ದಿದೆ, ಒಬ್ಬ ಹೆಂಗಸು ನೆಲಕ್ಕುರುಳಿದ್ದಾಳೆ. ಆದರೂ ಕೋಣೆ ಮದುವೆಗೆ ಸಿದ್ಧವಾದ ಹಾಗಿದೆ. ಯಾರೋ ನಿಂತು, ಹಲಗೆ ಓದಿಕೊಂಡು, ಒಂದೊಂದನ್ನೂ ಎತ್ತಿಟ್ಟು ಹೋಗಿದ್ದಾರೆ. ಟೀಚರಮ್ಮ ಕಾಲು ಜಾರಿ ಬಿದ್ದರು ಎನ್ನಿಸಲಿ ಅಂತ ಇರಬೇಕು.

“ಒಳಗೆ ಬರಬಹುದಾ ಸಾರ್?”

ನಾನು ಹೇಳಿಕಳಿಸಿದ್ದ ಕಾಂಪೌಂಡರ್ ಬಂದಿದ್ದ. ದವಾಖಾನೆಯ ಬಿಳಿ ಕೋಟು, ಜೇಬಿನಲ್ಲಿ ಬೇಕಾಗಿದ್ದಕ್ಕಿಂತ ಹೆಚ್ಚು ಪೆನ್ನುಗಳು. ಈ ಕ್ಲಾಸಿನಲ್ಲಿ ಭಾವನ ಪಕ್ಕದಲ್ಲೇ ಕೂರುತ್ತಿದ್ದವನು. ಅವನ ಬಲಗೈಗೆ ಬ್ಯಾಂಡೇಜು ಸುತ್ತಿತ್ತು.

ನಾನು ಹಲಗೆಯ ಮೇಲೆ ಹಸಿರು ಪರದೆ ಎಳೆದೆ.

“ಅವತ್ತಿನ ಪಾಠ ಏನಿತ್ತು? ನೋಡದೆ ಹೇಳಿ.”

ಅವನು ಎದೆ ಉಬ್ಬಿಸಿ ಪಟಪಟನೆ ಒಪ್ಪಿಸಿದ. ಒಂದಕ್ಷರ ತಪ್ಪಲಿಲ್ಲ. ನನಗೆ ಅವನ ಮೇಲೆ ಇದ್ದ ಅನುಮಾನ ಇನ್ನಷ್ಟು ಬಲಿಯಿತು.

“ಕೈಗೇನಾಯ್ತು?”

“ಇಂಜೆಕ್ಷನ್ ಗಾಜು ಮುರೀವಾಗ ಕುಯ್ತು.”

“ಯಾವಾಗ?”

“ಮೊನ್ನೆ. ಬೆಳಿಗ್ಗೇನೇ, ಸಂಜೆ ಅಲ್ಲ. ಡಾಕ್ಟರನ್ನೇ ಕೇಳಿ.”

“ನಾನು ಸಂಜೇನಾ ಅಂತ ಕೇಳಲೇ ಇಲ್ವಲ್ಲ.”

“ನೀವು ಕೇಳ್ತೀರಿ ಅಂತ ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ ಸಾರ್.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೆಂಚು ಎಳೆದು ಅವನ ಎದುರಿಗೇ ಕೂತೆ.

“ಹೋದ ವಾರ ಟೀಚರಮ್ಮನ ಮೇಲೆ ಕೂಗಾಡಿದ್ರಂತೆ. ಕೆಳಗಿನವರೆಗೂ ಕೇಳಿಸಿತಂತೆ.”

“ಕೂಗಾಡಿದೆ. ಸುಳ್ಳು ಯಾಕೆ ಹೇಳ್ಲಿ? ಪರದೇಶದ ರೋಗಿಗಳು ಬರ್ತಾರೆ, ಅವರಿಗೆ ನಾನು ‘ಬಿಫೋರ್ ಫುಡ್’ ಅಂತ ಮಾತ್ರೆ ಕೊಡ್ತೀನಿ. ಊಟಕ್ಕೆ ಮುಂಚೆ. ಸಾಲದಾ? ಸಾಲದಂತೆ! ‘ಜಸ್ಟ್ ಬಿಫೋರ್’ ಅಂದ್ರೆ ತಟ್ಟೆ ಮುಂದೆ ಕೂತು ನುಂಗೋದು, ‘ವೆಲ್ ಬಿಫೋರ್’ ಅಂದ್ರೆ ಹೊಟ್ಟೆ ಇನ್ನೂ ಖಾಲಿ ಇರೋವಾಗ ನುಂಗೋದು, ಎರಡಕ್ಕೂ ಅಜಗಜಾಂತರ, ನಿನ್ನ ಬಾಯಿಂದ ಒಬ್ಬ ರೋಗಿ ಸಾಯ್ತಾನೆ ಅಂದ್ರು. ಎಲ್ಲರೆದುರಿಗೂ ಅಂದ್ರು ಸಾರ್. ಸಿಟ್ಟು ಬರಲ್ವಾ?”

“ಹೊಡೆಯೋವಷ್ಟು?”

“ಮನೆಗೆ ಹೋಗಿ ಯೋಚನೆ ಮಾಡಿದೆ. ಅವರು ಹೇಳಿದ್ದೇ ಸರಿ. ಸರಿ ಅನ್ನಿಸಿದ ಮೇಲೆ ಇನ್ನೂ ಸಿಟ್ಟು ಬಂತು, ಅದು ಬೇರೆ.” ಅವನು ಬ್ಯಾಂಡೇಜು ಸವರಿಕೊಂಡ. “ನಾವು ಹೇಗೆ ‘ಹಿಂದೆ’ ಅನ್ನೋದನ್ನ ಎಳೆದು ‘ಹಿಂದೇನೇ’ ಅಂತೀವೋ, ಇಂಗ್ಲಿಷಿನವರು ಅದನ್ನೇ ಮುಂಚೆ ಒಂದು ಪುಟ್ಟ ಪದ ಇಟ್ಟು ಹೇಳ್ತಾರಂತೆ. ನಮ್ಮದು ಬಾಲ, ಅವರದು ಮೂಗು ಅಂತಿದ್ರು ಟೀಚರಮ್ಮ. ಎಲ್ಲಿದೆ ಅಂದ್ರೆ ಸಾಲದು, ಎಷ್ಟು ಹತ್ತಿರ, ಎಷ್ಟು ನೇರ, ಎಷ್ಟು ದೂರ ಅಂತ ಆ ಮೂಗೇ ಹೇಳ್ಬೇಕು. ಅದನ್ನ ಬಾಯಿಪಾಠ ಮಾಡಿದ್ರೆ ಬರಲ್ಲ, ಕಣ್ಣಲ್ಲಿ ನೋಡಿ ಕೂಗ್ಬೇಕು. ಅದಕ್ಕೇ ಈ ಕೊಡೆ, ಬೂಟು, ಏಣಿ ಎಲ್ಲಾ. ನಿಮ್ಮ ಭಾವ ಚೆನ್ನಾಗಿ ಕಲಿತಿದ್ರು. ಗಿರಾಕಿಗೆ ದಾರಿ ಹೇಳೋಕೆ ಅವರಿಗೆ ಅದೇ ತಾನೆ ಬೇಕಾಗಿದ್ದು. ಎಷ್ಟೋ ದಿನ ಕ್ಲಾಸ್ ಮುಗಿದ ಮೇಲೂ ಉಳ್ಕೊಂಡು...”

ಅವನು ತಟ್ಟನೆ ಮಾತು ನುಂಗಿದ.

“ಉಳ್ಕೊಂಡು?”

“ಕಲೀತಿದ್ರು ಸಾರ್. ಬರೀ ಕಲೀತಿದ್ರು. ಜನ ಏನೇನೋ ಅಂತಾರೆ.”

ನನಗೆ ಆ ಮಾತು ಬೇಕಿರಲಿಲ್ಲ. ಭಾವ ಈಚೆಗೆ ದಿನಾ ಇಸ್ತ್ರಿ ಶರ್ಟು ಹಾಕಿಕೊಂಡು ಕ್ಲಾಸಿಗೆ ಹೋಗುತ್ತಿದ್ದದ್ದು ನನಗೂ ಗೊತ್ತಿತ್ತು. ಅಕ್ಕ ಅದನ್ನು ನಗುತ್ತಲೇ ಹೇಳಿದ್ದಳು. ನಾನೂ ನಕ್ಕಿದ್ದೆ. ನಾನು ಎದ್ದು ಹೋಗಿ, ಮಾತು ಮರೆಸಲಿಕ್ಕೆಂದು, ಏಣಿಯ ಮೇಲಿದ್ದ ಬೂಟನ್ನು ಕೈಗೆ ತಗೊಂಡೆ.

“ಅದನ್ನ ಅಲ್ಲಿ ಇಟ್ಟೋರು ಯಾರು?” ಕಾಂಪೌಂಡರ್ ಕೇಳಿದ.

“ಯಾರೂ ಇಟ್ಟಿಲ್ಲ. ಅವತ್ತಿನಿಂದ ಈ ಕೋಣೆಗೆ ಪೊಲೀಸರ ಬೀಗ. ಬೂಟು ಅಲ್ಲೇ ಇತ್ತು.”

“ಇರೋಕೆ ಸಾಧ್ಯವೇ ಇಲ್ಲ.”

“ಯಾಕ್ರೀ? ನೀವೇ ಈಗ ಒಪ್ಪಿಸಿದ್ರಲ್ಲ, ಹಾಫ್‌ವೇ ಅಪ್ ದ ಲ್ಯಾಡರ್ ಅಂತ!”

“ಹಲಗೆ ಮೇಲೆ ಹಾಗೆ ಬರೆದಿತ್ತು. ಬೂಟು ಹಾಗೆ ಇರಲಿಲ್ಲ.” ಅವನು ಎದ್ದು ನಿಂತ. “ಅವತ್ತಿನ ಕಳ್ಳ ಅದೇ ಸಾರ್!”

“ಯಾವ ಕಳ್ಳ?”

“ಆಟ ಅದು. ನಾವೆಲ್ಲ ಕೋಣೆ ನೋಡದೆ, ಬರೀ ಹಲಗೆ ನೋಡ್ಕೊಂಡು ಕೂಗ್ತಿದ್ವಿ. ಅದಕ್ಕೆ ಟೀಚರಮ್ಮ ಒಂದು ಉಪಾಯ ಮಾಡಿದ್ರು. ದಿನಾ ಒಂದು ವಸ್ತುನ ಬೇಕಂತಲೇ ತಪ್ಪು ಜಾಗದಲ್ಲಿ ಇಡೋದು. ಅದು ಕಳ್ಳ. ನಾವು ಕಂಡುಹಿಡೀಬೇಕು. ಮೊನ್ನೆ ಬೂಟನ್ನ ಏಣಿ ಬುಡದಲ್ಲಿ ಇಟ್ಟಿದ್ರು. ಹಿಡಿದೋರು ಯಾರು ಗೊತ್ತಾ? ನಿಮ್ಮ ಭಾವಾನೇ! ಎದ್ದು ನಿಂತು ‘ರೈಟ್ ಅಟ್ ದ ಫುಟ್ ಆಫ್ ದ ಲ್ಯಾಡರ್’ ಅಂತ ಕೂಗಿದ್ರು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ.”

“ಆಮೇಲೆ ಟೀಚರಮ್ಮನೇ ಸರಿ ಮಾಡಿರಬಹುದಲ್ಲ?”

“ಮುಟ್ಟೋದೇ ಇಲ್ಲ. ಕಳ್ಳ ರಾತ್ರಿಯೆಲ್ಲ ಅಲ್ಲೇ ಇರಲಿ, ನಾಳೆ ಬಂದು ನೀವೇ ಸರಿ ಮಾಡಿ ಅಂತಾರೆ. ಮರೀಬಾರದು ಅಂತ.”

ನನ್ನ ಕೈಯಲ್ಲಿದ್ದ ಬೂಟು ಒಮ್ಮೆಲೇ ತೂಕವಾಯಿತು. ಅದನ್ನು ಮೆಲ್ಲಗೆ ಕಿಟಕಿಯ ಪಕ್ಕ ನೆಲದ ಮೇಲಿಟ್ಟೆ.

ಎಲ್ಲಾ ಸರಿಯಾಗಿತ್ತು, ಅದೇ ತಪ್ಪು! ಆ ಕೋಣೆಯಲ್ಲಿ ಒಂದು ವಸ್ತು ತಪ್ಪಾಗಿರಲೇಬೇಕಿತ್ತು. ಅದನ್ನು ಚಪ್ಪಾಳೆ ಹೊಡೆಸಿಕೊಂಡು ಹಿಡಿದ ಭಾವ, ಯಾವ ಗಾಬರಿಯಲ್ಲಾದರೂ ಸರಿ, ಬೂಟನ್ನು ನಡುಮೆಟ್ಟಿಲ ಮೇಲೆ ಇಡುತ್ತಿರಲಿಲ್ಲ. ಅದರ ಜಾಗ ಬುಡ ಎಂಬುದು ಅವರಿಗೆ ಗೊತ್ತು. ಅವತ್ತು ಕ್ಲಾಸಿನಲ್ಲಿ ಕೂತಿದ್ದ ಯಾರೂ ಇಡುತ್ತಿರಲಿಲ್ಲ. ಎದುರಿಗೆ ನಿಂತಿದ್ದ ಈ ಕಾಂಪೌಂಡರ್ ಕೂಡ.

“ಈ ಕಳ್ಳನ ಆಟ ಶುರುವಾಗಿದ್ದು ಯಾವಾಗ?”

“ಈಚೆಗೆ ಸಾರ್. ಈ ತಿಂಗಳು.”

“ಅದಕ್ಕೆ ಮುಂಚೆ?”

“ಹಲಗೆ ಮೇಲೆ ಹೇಗೋ ಕೋಣೇಲೂ ಹಾಗೇ. ಏನಾದ್ರೂ ಕೆಳಗೆ ಬಿದ್ರೆ ಹಲಗೆ ನೋಡಿ ಎತ್ತಿಡೋದು ಎಲ್ಲರಿಗೂ ರೂಢಿ.”

“ಹಾಗಾದ್ರೆ ಕೇಳಿ. ಬೂಟು ಎತ್ತಿಟ್ಟೋರಿಗೆ ಹಲಗೆ ನೋಡಿ ಎತ್ತಿಡೋ ರೂಢಿ ಇದೆ, ಕಳ್ಳನ ಆಟ ಗೊತ್ತಿಲ್ಲ. ಅಂದ್ರೆ ಮುಂಚೆ ಕ್ಲಾಸಿಗೆ ಬರ್ತಿದ್ದು, ಆಟ ಶುರುವಾಗೋಕೆ ಮುಂಚೇನೇ ಬಿಟ್ಟೋರು. ಯಾರು ಬಿಟ್ರು?”

ಕಾಂಪೌಂಡರ್ ಸರಿಯಾಗಿಯೇ ಇದ್ದ ಬ್ಯಾಂಡೇಜನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

“ಟೇಲರ್ ಬಿಟ್ಟ,” ಅಂದ.

“ಯಾಕೆ?”

“ತಲೆಗೆ ಹತ್ತಲಿಲ್ಲ. ಟೀಚರಮ್ಮ ಬೈದ್ರು.”

“ಇನ್ಯಾರು?”

“ಟೇಲರ್ ಬಿಟ್ಟ ಸಾರ್,” ಎಂದು ಮತ್ತೆ ಅದನ್ನೇ ಹೇಳಿದ. ನನ್ನ ಮುಖ ನೋಡಲಿಲ್ಲ.

ನಾನು ಆಗಲೇ ಕಿಟಕಿಯ ಹತ್ತಿರ ಹೋಗಿದ್ದೆ. ಸಂತೋಷ ಹೆಚ್ಚಾದಾಗ ನನ್ನ ಕಿವಿ ಮಂದವಾಗುತ್ತದೆ. ಭಾವ ಇವತ್ತು ಮನೆಗೆ ಬರುತ್ತಾರೆ, ಅಕ್ಕ ಅಳು ನಿಲ್ಲಿಸುತ್ತಾಳೆ, ಇಷ್ಟೇ ತಲೆಯಲ್ಲಿದ್ದದ್ದು. ಅಮ್ಮ ಹೋದಾಗ ನನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ತನ್ನ ಓದು ಬಿಟ್ಟು ನನ್ನನ್ನು ಓದಿಸಿದವಳು ಅಕ್ಕ. ಅವಳಿಗಾಗಿ ನಾನು ಇಂಥ ಒಂದಲ್ಲ, ಊರಿನ ಚಾಪೆಗಳನ್ನೆಲ್ಲ ಮೂಸಲು ತಯಾರಿದ್ದೆ.

“ಇನ್ಸ್‌ಪೆಕ್ಟರ್ ಸಾರ್!” ಕಿಟಕಿಯಿಂದ ಬಗ್ಗಿ ಕೂಗಿದೆ. “ಮೇಲೆ ಬನ್ನಿ! ನಮ್ಮ ಭಾವ ಅಲ್ಲ! ಬೂಟು ಏಣಿ ಮೇಲೆ ಇಟ್ಟೋರು ಯಾರೋ ಅವರೇ ನಿಮಗೆ ಬೇಕಾದೋರು!”

“ಯಾವ ಬೂಟು?” ಕೆಳಗಿಂದ ದನಿ ಬಂತು.

“ಬನ್ನಿ, ತೋರಿಸ್ತೀನಿ!”

“ಇವನೊಂದು ಸಹಿ ಹಾಕಿಬಿಡಲಿ, ಬಂದೆ.”

ನಾನು ತಿರುಗಿದಾಗ ಹಿಂದಿನ ವರಾಂಡದ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ತೋಳಿನ ಮೇಲೆ ಮಡಿಸಿದ ಶರ್ಟು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಹಿಂದಿನ ಮೆಟ್ಟಿಲಲ್ಲಿ ಬಂದೆ ಪುಟ್ಟಾ. ಮುಂದೆ ಆ ಪೊಲೀಸಪ್ಪ ನಿಂತಿದಾನಲ್ಲ, ಅವನ ಮುಖ ನೋಡೋಕಾಗಲ್ಲ ನನಗೆ.”

ತಲೆ ಬೋಳಾದರೂ ಅವಳಿಗೆ ನಾನು ಪುಟ್ಟನೇ.

“ಮಂಡಿ ನೋವಿಟ್ಕೊಂಡು ಯಾಕಕ್ಕಾ ಹತ್ತೋಕೆ ಹೋದೆ? ನಾನೇ ಬರ್ತಿದ್ನಲ್ಲ.”

“ನಿಮ್ಮ ಭಾವನಿಗೆ ಶರ್ಟು. ಕೋರ್ಟಿಗೆ ಮುದುರಿದ ಬಟ್ಟೇಲಿ ಹೋಗೋದು ಬೇಡ.” ಅವಳು ಸುತ್ತ ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಕ್ಲಾಸ್ ಬಿಟ್ಟ ಮೇಲೆ ಇದೇ ಮೊದಲು ಈ ಮೆಟ್ಟಿಲು ಹತ್ತಿದ್ದು. ಜೀವ ಬಾಯಿಗೆ ಬಂತು.”

ಹೌದಲ್ಲ. ಅಕ್ಕನೂ ಕ್ಲಾಸಿಗೆ ಬರುತ್ತಿದ್ದಳು. ಗಂಡ ಹೆಂಡತಿ ಜೊತೆಗೇ ಸೇರಿದ್ದರು. ಮಂಡಿ ನೋವು ಅಂತ ಅವಳು ಬಿಟ್ಟಿದ್ದಳು. ಅದು ನೆನಪಾಯಿತು, ನೆನಪಾಗಿ ಹಾಗೇ ಸರಿದುಹೋಯಿತು. ಮನೆಯವರ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕಷ್ಟದ ಪತ್ತೇದಾರಿ.

“ಅಕ್ಕಾ, ಶರ್ಟು ವಾಪಸ್ ತಗೊಂಡು ಹೋಗು,” ಅಂದೆ. “ಭಾವ ಕೋರ್ಟಿಗೆ ಹೋಗಲ್ಲ, ಮನೆಗೆ ಬರ್ತಾರೆ!”

ಅವಳ ಕಣ್ಣುಗಳು ಅಗಲವಾದವು. ಬೆಂಚಿನ ಮೇಲೆ ಕುಸಿದು ಕೂತಳು. ಶರ್ಟನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಕಾಂಪೌಂಡರ್ ಗೋಡೆಯತ್ತ ತಿರುಗಿ ನಿಂತ.

“ನಿಜಾನಾ?” ಅಂದಳು. “ಅವರಲ್ಲ ಅಂತ ಖಂಡಿತವಾಗಿ ಗೊತ್ತಾಯ್ತಾ? ದೇವರಾಣೆ?”

“ನಿನ್ನಾಣೆ.”

“ನಾನು ಏನೇನೋ ಅಂದ್ಕೊಂಡಿದ್ದೆ ಕಣೋ...” ಎಂದವಳು ಮಾತು ಮುಗಿಸಲಿಲ್ಲ. ಎದ್ದು, ಮೂಗು ಒರೆಸಿಕೊಂಡು, ಶರ್ಟನ್ನು ಮತ್ತೆ ನೀಟಾಗಿ ಮಡಿಸಿಟ್ಟಳು.

ಮನಸ್ಸು ಕಲಕಿದಾಗ ಅಕ್ಕನ ಕೈ ಸುಮ್ಮನಿರುವುದಿಲ್ಲ. ಲಾಡ್ಜಿನ ಒಂದೊಂದು ಬೀಗದ ಕೈಯೂ ತನ್ನ ಮೊಳೆಯಲ್ಲೇ ನೇತಾಡಬೇಕು. ಅವಳಿರುವ ಮನೆಯಲ್ಲಿ ಚಮಚ ಕೂಡ ಓರೆ ಮಲಗುವಂತಿಲ್ಲ. ನಾನು ಎಳೆದಿದ್ದ ಬೆಂಚನ್ನು ಸಾಲಿಗೆ ನೂಕಿದಳು. ಚಾಪೆಯ ಅಂಚನ್ನು ಕಾಲಲ್ಲೇ ಸರಿಮಾಡಿದಳು.

“ಇದ್ಯಾಕೆ ಇಲ್ಲಿ ಬಿದ್ದಿದೆ...” ಎಂದು ಗೊಣಗುತ್ತ ಕಿಟಕಿಯ ಪಕ್ಕದಲ್ಲಿದ್ದ ಬೂಟನ್ನು ಎತ್ತಿಕೊಂಡಳು.

ಬೂಟು ಕಂಡರೆ ಯಾರಾದರೂ ಏನು ಮಾಡುತ್ತಾರೆ? ಬಾಗಿಲ ಹೊರಗೆ ಬಿಡುತ್ತಾರೆ. ಬೆಂಚಿನ ಕೆಳಗೆ ನೂಕುತ್ತಾರೆ.

ಅಕ್ಕ ನೇರವಾಗಿ ಮೂಲೆಗೆ ನಡೆದಳು. ಏಣಿಯ ನಡುಮೆಟ್ಟಿಲ ಮೇಲೆ ಬೂಟು ಇಟ್ಟಳು. ಮೂತಿ ಮುಂದೆ ಬರುವ ಹಾಗೆ ಬೆರಳಿನಿಂದ ಒಂಚೂರು ತಿರುಗಿಸಿದಳು.

ನಾನು ಹಲಗೆಯ ಕಡೆ ನೋಡಿದೆ. ಹಸಿರು ಪರದೆ ಈ ತುದಿಯಿಂದ ಆ ತುದಿಗೆ ಎಳೆದೇ ಇತ್ತು. ದಿನಾ ಹೊಸ ಪಾಠ, ದಿನಾ ಹೊಸ ಜಾಗ. ಮೊನ್ನೆಯ ಜಾಗ ಗೊತ್ತಿರಬೇಕಾದರೆ ಮೊನ್ನೆ ಸಂಜೆ ಈ ಹಲಗೆಯ ಮುಂದೆ ನಿಂತಿರಬೇಕು. ಭಾವ ಹೇಳಿರಬಹುದೇ? ಅವರು ಅವತ್ತು ಮನೆಗೇ ಹೋಗಿರಲಿಲ್ಲ. ರಸ್ತೆಯಿಂದಲೇ ಪೊಲೀಸರು ಕರೆದೊಯ್ದಿದ್ದರು. ಕಿಟಕಿಯಿಂದ ನಾನು ಕೂಗಿದ್ದರಲ್ಲೂ ನಡುಮೆಟ್ಟಿಲ ಮಾತಿರಲಿಲ್ಲ.

ಭಾವ ಯಾಕೆ ಗೋಡೆ ನೋಡುತ್ತ ಕೂತಿದ್ದಾರೆಂದು ನನಗೆ ಆಗ ಅರ್ಥವಾಯಿತು. ಮತ್ತೆ ಮೆಟ್ಟಿಲು ಹತ್ತಿದಾಗ ಅವರು ಕಂಡದ್ದು ಯಾರನ್ನು ಎಂಬುದೂ.

ಕಾಂಪೌಂಡರ್ ಬೂಟನ್ನೇ ನೋಡುತ್ತಿದ್ದ. ಆಮೇಲೆ ನನ್ನನ್ನು ನೋಡಿದ. ಅವನು ಟೇಲರನ ಹೆಸರನ್ನೇ ಎರಡು ಸಲ ಹೇಳಿದ್ದು ಯಾಕೆಂದೂ ತಿಳಿಯಿತು.

ಅಕ್ಕ ಬೂಟಿನಿಂದ ತಲೆ ಎತ್ತಿದಳು. ತಿರುಗಿದಳು. ನಮ್ಮ ಮುಖ ನೋಡಿದಳು, ಬೂಟು ನೋಡಿದಳು, ಮುಚ್ಚಿದ ಪರದೆ ನೋಡಿದಳು. ಅವಳ ಕೈ ಇನ್ನೂ ಏಣಿಯ ಮೇಲೇ ಇತ್ತು. ನಾನು ಏನಾದರೂ ಕೇಳಿದರೆ ಸುಳ್ಳು ಹೇಳಲಿ ಎಂದು ಮನಸಾರೆ ಬೇಡಿಕೊಂಡೆ.

ಮುಂದಿನ ಮೆಟ್ಟಿಲಿನಲ್ಲಿ ಬೂಟುಗಳ ಸದ್ದು ಹತ್ತಿ ಬರುತ್ತಿತ್ತು. ಕೂಗಿ ಕರೆದವನು ನಾನೇ.

“ಪುಟ್ಟಾ,” ಅಕ್ಕ ಪಿಸುಗುಟ್ಟಿದಳು, “ನಿಮ್ಮ ಭಾವ ಇನ್ನೂ ಬಾಯಿ ಬಿಟ್ಟಿಲ್ಲ ತಾನೆ?”

ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಅಕ್ಕನಿಗೆ ತಲೆಬಾಗಿಸಿ, ನನ್ನ ಕಡೆ ತಿರುಗಿದರು.

“ಹೂಂ, ಹೇಳಿ ಪತ್ತೇದಾರರೇ. ಏಣಿ ಮೇಲೆ ಬೂಟು ಇಟ್ಟೋರು ಯಾರು?”